ಕಂಬದಮನೆಯ ಉಗ್ರಾಣ

ಅಜ್ಜಂಪುರದ ವಿಶಾಲಾಕ್ಷಮ್ಮ ಕೂತಲ್ಲಿ ಕೂತವಳಲ್ಲ. ಈರುಳ್ಳಿ ವ್ಯಾಪಾರದ ಶಿವಮೂರ್ತಪ್ಪನ ಕೈಹಿಡಿದು ಬಂದ ದಿನದಿಂದ ಆಕೆ ಒಂದು ಕಡೆ ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿದದ್ದನ್ನು ಕಂಡವರಿಲ್ಲ. ಒಂದು ಗುಟುಕು ಹಿತ್ತಲಲ್ಲಿ, ಒಂದು ಗುಟುಕು ಪಡಸಾಲೆಯಲ್ಲಿ; ಮಿಕ್ಕದ್ದು ಯಾವುದೋ ಕಿಟಕಿಯ ಮೇಲೆ ಆರಿ ತಣ್ಣಗಾಗಿ, ಸಂಜೆಗೆ ಲೋಟ ಹುಡುಕುವಾಗ ಸಿಗುತ್ತಿತ್ತು. ‘ನಿಮ್ಮವ್ವಂಗೆ ಕಾಲಲ್ಲಿ ಚಕ್ರ ಐತೆ ಕಣ್ರೇ’ ಎಂದು ಶಿವಮೂರ್ತಪ್ಪ ಹೆಣ್ಣುಮಕ್ಕಳಿಬ್ಬರ ಎದುರು ನಗುತ್ತಿದ್ದ. ಆಕೆಯ ಎದುರು ನಗುವಷ್ಟು ಧೈರ್ಯ ಅವನಿಗಿರಲಿಲ್ಲ.

ಈ ಚಡಪಡಿಕೆಗೆ ಊರಿನವರು ಒಂದು ಒಳ್ಳೆಯ ಉಪಯೋಗ ಕಂಡುಕೊಂಡಿದ್ದರು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಗಂಡಿನ ಮನೆಗೆ ಹೋಗಿ ನೋಡಿ ಬರುವ ಪದ್ಧತಿಯುಂಟು. ಗಂಡಸರು ಹೋದರೆ ಜಗಲಿಯ ಮೇಲೆ ಕೂತು ಮಳೆ ಬೆಳೆ ಮಾತಾಡುತ್ತಾರೆ, ಕೊಟ್ಟದ್ದನ್ನು ತಿನ್ನುತ್ತಾರೆ, ‘ಒಳ್ಳೇ ಜನ’ ಎಂದು ಎದ್ದು ಬರುತ್ತಾರೆ. ವಿಶಾಲಾಕ್ಷಮ್ಮ ಹೋದರೆ ಆಟ ಬೇರೆ. ಮೇಲೆ ಒಳ್ಳೇ ರಾಗಿ ಹರಡಿ ಕೆಳಗೆ ಹೊಟ್ಟು ತುಂಬಿದ್ದಾರೋ ಎಂದು ದವಸದ ವಾಡೆಯೊಳಗೆ ಮೊಣಕೈವರೆಗೆ ಕೈ ಇಳಿಸುವಳು. ಕಂಬಕ್ಕೆ ಗೆದ್ದಲು ಹಿಡಿದಿದೆಯೇ ಎಂದು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವಳು. ಹಸುವಿನ ಪಕ್ಕೆ ಸವರುವಳು. ‘ನಿಮ್ಮ ಬಾವಿ ನೀರು ಕುಡಿದು ನೋಡ್ತೀನಿ’ ಎಂದು ಹಿತ್ತಲಿಗೆ ಹೋಗಿ, ಬಾವಿಯ ಹಗ್ಗ ಸವೆದಿದೆಯೇ ನೋಡಿಕೊಂಡು ಬರುವಳು. ಆಕೆ ‘ಕೊಡಬೋದು’ ಎಂದ ಮೇಲೆ ಯಾರೂ ಮರುಮಾತಾಡುತ್ತಿರಲಿಲ್ಲ. ಸಂಬಂಧ ಕುದುರಿಸುವ ಜಯದೇವಪ್ಪನಂತೂ ಆಕೆಗೆ ಹೆದರಿ ಎಷ್ಟೋ ಮನೆಗಳ ಹೆಸರನ್ನೇ ಅಜ್ಜಂಪುರದಲ್ಲಿ ಎತ್ತುತ್ತಿರಲಿಲ್ಲ.

ಆಕೆ ನೋಡಿದ ಮನೆಗಳಲ್ಲೆಲ್ಲ ಮೇಲಿನದು ಕಂಬದಮನೆ. ಎಪ್ಪತ್ತೆರಡರಲ್ಲಿ ದೊಡ್ಡ ಮಗಳು ದಾಕ್ಷಾಯಣಿಗೆ ಗಂಡು ಹುಡುಕುವಾಗ ಕಂಡದ್ದು. ಚೌಳಹಿರಿಯೂರಿನ ಆಚೆ ಒಂದು ಹಳ್ಳಿಯಲ್ಲಿತ್ತು. ಒಬ್ಬಳ ತೋಳಿಗೆ ಸಿಗದಷ್ಟು ದಪ್ಪನೆಯ ತೇಗದ ಕಂಬಗಳು, ಅವುಗಳ ತಲೆಯ ಮೇಲೆ ಗಿಳಿ ಕೆತ್ತಿದ ಬೋದಿಗೆಗಳು, ತಲೆ ತಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲುವಾಡ, ನಡುವೆ ತೊಟ್ಟಿ. ವಿಶಾಲಾಕ್ಷಮ್ಮ ಆ ದಿನ ಕಂಬ ತಟ್ಟುವುದನ್ನೇ ಮರೆತಳು. ಮನೆಯ ಯಜಮಾನಿ ತಿಪ್ಪಮ್ಮ ಒಂದೊಂದೇ ಕೋಣೆ ತೋರಿಸುತ್ತಾ ಅಡಿಗೆಮನೆಯ ಹಿಂದಿನ ಉಗ್ರಾಣದ ಬಾಗಿಲು ತೆಗೆದಾಗಲಂತೂ, ಬೆಲ್ಲದ ಅಚ್ಚು, ಅವರೆಕಾಳಿನ ಮೂಟೆ, ಹುಣಸೆಹಣ್ಣಿನ ಗುಡಾಣಗಳ ಆ ವಾಸನೆಗೆ ಅರ್ಧ ಸೋತುಹೋದಳು. ಮನೆಗೆ ಬಂದು ಗಂಡನಿಗೆ ಹೇಳಿದ ಮೊದಲ ಮಾತೇ ಉಗ್ರಾಣದ್ದು. “ಬಾಗಿಲು ಎರಡು ಬೆರಳು ದಪ್ಪ ಐತೆ ಕಣ್ರೀ. ಹೊರಗಡೆ ಕಬ್ಬಿಣದ ಚಿಲಕ. ಇಲಿ ಹೋಗ್ಲಿ, ಇರುವೆ ನುಗ್ಗಕಿಲ್ಲ. ನಮ್ ಹುಡುಗಿ ಪುಣ್ಯ ಮಾಡಿದ್ಲು.” ಹುಡುಗ ಹೇಗಿದ್ದಾನೆ ಎಂದು ಶಿವಮೂರ್ತಪ್ಪನೇ ಕೇಳಬೇಕಾಯಿತು. ಇದ್ದಾನೆ, ಎಂದಳು.

ಅಲ್ಲಿಂದೀಚೆಗೆ ಹನ್ನೆರಡು ವರ್ಷ. ಕಂಬದಮನೆಯ ಅಣ್ಣತಮ್ಮಂದಿರು ಹಿಸ್ಸೆಯಾದರು; ತಿಪ್ಪಮ್ಮ ತೀರಿಕೊಂಡಳು. ದಾಕ್ಷಾಯಣಿಯ ಗಂಡ ಬೀರೂರಿನ ರೈಸ್ ಮಿಲ್ಲೊಂದರಲ್ಲಿ ಕೆಲಸ ಹಿಡಿದು, ರೈಲ್ವೆ ಗೇಟಿನ ಹತ್ತಿರ ಬಾಡಿಗೆ ಮನೆ ಮಾಡಿದ. ಖಾಲಿ ಬಿದ್ದ ಮನೆಯನ್ನು ಒಂದು ಟ್ರಸ್ಟಿನವರು ಕೊಂಡು, ಕಂಬ, ತೊಲೆ, ಹಲಗೆ ಎಲ್ಲಕ್ಕೂ ಗುರುತು ಹಾಕಿ ಬಿಚ್ಚಿ, ಲಾರಿಯಲ್ಲಿ ಸಾಗಿಸಿ, ತರೀಕೆರೆ ರಸ್ತೆಯ ಪಕ್ಕದ ಬಯಲಿನಲ್ಲಿ ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಿದರು. ಹಾಗೆ ಬೇರೆ ಬೇರೆ ಹಳ್ಳಿಗಳಿಂದ ತಂದು ನಿಲ್ಲಿಸಿದ ಮರದ ಮನೆಗಳೇ ಅಲ್ಲೊಂದು ಸಣ್ಣ ಊರಿನಷ್ಟಾದವು. ಹಳ್ಳಿಯ ಮನೆಗಳ ಮ್ಯೂಸಿಯಂ ಎಂದು ಬೋರ್ಡು ಬಿತ್ತು. ಪೇಪರಿನಲ್ಲಿ ಕಂಬದಮನೆಯ ಫೋಟೋ ಬಂದಾಗ ವಿಶಾಲಾಕ್ಷಮ್ಮ ಅದನ್ನು ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬಂದಳು. “ನಾನು ಒಪ್ಪಿದ ಮನೆ ಕಣ್ರೀ. ಈಗ ಸರ್ಕಾರದೋರೂ ಒಪ್ಪವ್ರೆ.” ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರೋ ತಿದ್ದಹೋದರೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಇದೇ ಹೊತ್ತಿಗೆ ಚಿಕ್ಕ ಮಗಳು ವಿಮಲೆಗೆ ತರೀಕೆರೆಯಿಂದ ಒಂದು ಸಂಬಂಧ ಬಂದಿತ್ತು. ಅಲ್ಲೂ ತುಂಬಿದ ಮನೆ, ಅಲ್ಲೂ ಕೆತ್ತನೆಯ ಬಾಗಿಲು. ವಿಶಾಲಾಕ್ಷಮ್ಮ ಹೋಗಿ ನೋಡಿ, ತಟ್ಟಿ, ಮೂಸಿ ಒಪ್ಪಿ ಬಂದಾಗಿತ್ತು. ಆದರೆ ವಿಮಲೆ ಡಿಗ್ರಿ ಓದಿದ ಹುಡುಗಿ; ಅಷ್ಟು ಸುಲಭವಾಗಿ ಬಗ್ಗುವವಳಲ್ಲ. ಜಯದೇವಪ್ಪ ಸೋಮವಾರ ಉತ್ತರಕ್ಕೆ ಬರುತ್ತೇನೆಂದು ಹೇಳಿ ಹೋದ ಮೇಲೆ ಅವಳು ಒಂದೇ ಮಾತು ಹೇಳಿದಳು.

“ಅಕ್ಕ ನನ್ನೆದುರಿಗೆ ಬಾಯ್ಬಿಟ್ಟು ಹೇಳ್ಲಿ, ಆ ಕಂಬದಮನೇಲಿ ಸುಖವಾಗಿದ್ದೆ ಅಂತ. ಒಪ್ಕೊಂಬಿಡ್ತೀನಿ.”

“ಅದಕ್ಕೇನೇ, ಹೇಳ್ತಾಳೆ!” ಎಂದಳು ವಿಶಾಲಾಕ್ಷಮ್ಮ. ಎಂದವಳು ಆ ರಾತ್ರಿ ಊಟದ ತಟ್ಟೆ ತೊಳೆಯುತ್ತಾ ಒಂದೇ ತಟ್ಟೆಯನ್ನು ಎರಡು ಸಲ ತೊಳೆದಳು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಬೀರೂರಿನ ಬಸ್ಸು ಹತ್ತಿದರು. ಅಲ್ಲಿ ದಾಕ್ಷಾಯಣಿ ಸೇರಿಕೊಳ್ಳುವುದು, ಮೂವರೂ ಮ್ಯೂಸಿಯಂಗೆ ಹೋಗುವುದು, ಆ ಮನೆಯ ತೊಟ್ಟಿಯಲ್ಲೇ ನಿಂತು ದಾಕ್ಷಾಯಣಿ ಆ ಮಾತು ಹೇಳುವುದು. ಎಲ್ಲ ವಿಶಾಲಾಕ್ಷಮ್ಮನ ಏರ್ಪಾಡು. ಮನೆಯನ್ನು ಇನ್ನೊಮ್ಮೆ ಕಣ್ಣಾರೆ ಕಂಡರೆ ವಿಮಲೆಯ ಕೊಂಕು ತಾನಾಗಿ ಇಳಿಯುತ್ತದೆ ಎಂಬ ಧೈರ್ಯ. ಆದರೆ ಬಸ್ಸಿನಲ್ಲಿ ಆಕೆಗೆ ಕೂರಲಾಗಲಿಲ್ಲ. ಕಿಟಕಿ ಏರಿಸಿದಳು, ಇಳಿಸಿದಳು. ಸೆರಗಿನ ಗಂಟು ಬಿಚ್ಚಿ ಕಟ್ಟಿದಳು. ಬೇಡವೆಂದರೂ ಒಂದು ಮಧ್ಯಾಹ್ನದ ನೆನಪು ಮತ್ತೆ ಮತ್ತೆ ಬರುತ್ತಿತ್ತು.

ಮದುವೆಯಾದ ಮೂರನೇ ವರ್ಷವಿರಬೇಕು. ಹಬ್ಬವಲ್ಲ, ಹುಣ್ಣಿಮೆಯಲ್ಲ, ದಾಕ್ಷಾಯಣಿ ಬಟ್ಟೆಯ ಚೀಲ ಹಿಡಿದು ಒಬ್ಬಳೇ ಬಾಗಿಲಲ್ಲಿ ಬಂದು ನಿಂತಿದ್ದಳು. ‘ಅಲ್ಲಿ ಇರಕ್ಕಾಗಲ್ಲ ಕಣವ್ವ, ಇಲ್ಲೇ ಇದ್ಬಿಡ್ತೀನಿ’ ಎಂದಿದ್ದಳು. ವಿಶಾಲಾಕ್ಷಮ್ಮ ಸಂಡಿಗೆ ಹಾಕುತ್ತಿದ್ದಳು. ‘ಅಂಥಾ ಮನೇಲಿ ನಿನಗೇನೇ ಕಮ್ಮಿ ಐತೆ?’ ಎಂದು ಕೇಳಿದ್ದಳು. ದಾಕ್ಷಾಯಣಿ ಚೀಲವನ್ನು ಮೂಲೆಗಿಟ್ಟಿದ್ದಳು. ಮಾರನೆಯ ದಿನ ಮೊದಲ ಬಸ್ಸಿಗೆ, ಸಂಡಿಗೆಯ ಡಬ್ಬಿಯೊಂದನ್ನು ಕೈಗಿಟ್ಟು, ವಿಶಾಲಾಕ್ಷಮ್ಮ ತಾನೇ ಹೋಗಿ ಕಂಬದಮನೆಯ ಬಾಗಿಲವರೆಗೆ ಬಿಟ್ಟು ಬಂದಿದ್ದಳು. ಹೊಸ ಸೊಸೆಯರೆಲ್ಲ ಒಂದು ಸಲ ಹೀಗೆ ಓಡಿ ಬರುತ್ತಾರೆ, ಆಮೇಲೆ ಸರಿಹೋಗುತ್ತಾರೆ ಎಂದು ಗಂಡನಿಗೆ ಹೇಳಿದ್ದಳು. ದಾಕ್ಷಾಯಣಿ ಮತ್ತೆಂದೂ ಚೀಲ ಹಿಡಿದು ಬರಲಿಲ್ಲ, ಮತ್ತೆಂದೂ ದೂರು ಹೇಳಲಿಲ್ಲ. ಅಂದಮೇಲೆ ಸರಿಹೋಯಿತೆಂದೇ ಅಲ್ಲವೇ? ಹಾಗೆಂದು ವಿಶಾಲಾಕ್ಷಮ್ಮ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಹಾಗೆ ಹೇಳಿಕೊಂಡಾಗಲೆಲ್ಲ ಎದ್ದು ಹೋಗಿ ಏನಾದರೊಂದು ಕೆಲಸ ಹಿಡಿಯುತ್ತಿದ್ದಳು.

ಬೀರೂರಿನ ಬಸ್ ಸ್ಟ್ಯಾಂಡಿನಲ್ಲಿ ದಾಕ್ಷಾಯಣಿ ಕಾದಿದ್ದಳು. ನಾಜೂಕಾಗಿ ತಲೆ ಬಾಚಿ, ಒಗೆದ ನೂಲಿನ ಸೀರೆಯುಟ್ಟಿದ್ದಳು. ತಾಯಿಯನ್ನು ಕಂಡು ನಕ್ಕಳು. ಅವಳಿಗೆ ಮಕ್ಕಳಾಗಿರಲಿಲ್ಲ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

“ಅವ್ವಾ, ನೀವಿಬ್ರೂ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ, ಮನೇಲಿ ಅಡಿಗೆ ಮಾಡಿರ್ತೀನಿ,” ಎಂದಳು.

“ಚೆನ್ನಾಗೈತೆ! ನಿನ್ನ ಮನೆ ತೋರ್ಸಕ್ಕೆ ನೀನೇ ಇಲ್ದಿದ್ರೆ ಹೆಂಗೆ?” ಎಂದು ತಾಯಿ ಕೈಹಿಡಿದು ಎಳೆದೇ ತರೀಕೆರೆ ಬಸ್ಸಿಗೆ ಹತ್ತಿಸಿದಳು.

ಮ್ಯೂಸಿಯಂನಲ್ಲಿ ಜನ ಹೆಚ್ಚಿರಲಿಲ್ಲ. ಗೇಟಿನಲ್ಲಿ ಮುನಾವರ್ ಎಂಬ ನಡುವಯಸ್ಸಿನ ಮನುಷ್ಯ ಬೀಗದ ಕೈ ಗೊಂಚಲು ಹಿಡಿದು ಕೂತಿದ್ದ. ಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸಿದ ಕೆಲಸಗಾರರಲ್ಲಿ ಅವನೂ ಒಬ್ಬ. ಈಗ ಅಲ್ಲೇ ನೋಡಿಕೊಂಡಿದ್ದ. ವಿಶಾಲಾಕ್ಷಮ್ಮ ‘ಕಂಬದಮನೆ ನಮ್ಮ ಬೀಗರದ್ದು’ ಎಂದದ್ದೇ ತಡ, ಎದ್ದು ನಿಂತು ಮುಂದೆ ನಡೆದ.

ಕಂಬದಮನೆ ಬಯಲಿನ ನಡುವೆ ಬಿಸಿಲಿಗೆ ನಿಂತಿತ್ತು. ಅಕ್ಕಪಕ್ಕ ಮನೆಗಳಿಲ್ಲ, ಕೊಟ್ಟಿಗೆಯಿಲ್ಲ, ತಿಪ್ಪೆಯಿಲ್ಲ. ಎಲ್ಲ ಇದ್ದ ಹಾಗೇ ಇತ್ತು, ಆದರೂ ವಿಶಾಲಾಕ್ಷಮ್ಮನಿಗೆ ಯಾಕೋ ಸರಿಯೆನಿಸಲಿಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮವಿಲ್ಲ. ವಾಡೆಯೊಳಗೆ ಕೈ ಇಳಿಸಿದರೆ ಬೆರಳಿಗೆ ಧೂಳು ಹತ್ತಿತು. ಒಲೆಯಲ್ಲಿ ಬೂದಿಯಿಲ್ಲ. ಅಭ್ಯಾಸಬಲದಿಂದ ಕಂಬ ತಟ್ಟಿದಳು, ಬೋದಿಗೆ ತೋರಿಸಿದಳು, ವಿಮಲೆಯನ್ನು ಎಲ್ಲ ಕಡೆ ತಿರುಗಿಸಿದಳು. “ನೋಡೇ, ಈ ಗಿಳಿ ನೋಡು. ಈ ತೊಲೆ ನೋಡು. ಇಂಥದ್ರಲ್ಲಿ ಬಾಳಿದಾಳೆ ನಿಮ್ಮಕ್ಕ.”

“ಅಕ್ಕ ಎಲ್ಲಿ?” ಎಂದಳು ವಿಮಲೆ.

ದಾಕ್ಷಾಯಣಿ ಒಳಗೆ ಬಂದಿರಲಿಲ್ಲ. ಆಚೆ ಹೊಂಗೆಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ವಿಮಲೆ ಅವಳ ಹತ್ತಿರ ಹೊರಟುಹೋದಳು. ವಿಶಾಲಾಕ್ಷಮ್ಮನಿಗೆ ಸಿಟ್ಟು ಬಂತು. ಇಷ್ಟು ದೂರ ಬಂದು ಹೀಗೆ ಸತಾಯಿಸುವುದೇ? ಕರೆಯಲು ಹೋಗಬೇಕೆಂದುಕೊಂಡಳು, ಕಾಲು ಮಾತ್ರ ಅಡಿಗೆಮನೆಯ ಹಿಂದಕ್ಕೆ, ಉಗ್ರಾಣದ ಕಡೆಗೆ ನಡೆಯಿತು.

ಮುನಾವರ್ ಚಿಲಕ ಎಳೆದು ಬಾಗಿಲನ್ನು ಒಳಕ್ಕೆ ತಳ್ಳಿದ. ಬೆಲ್ಲದ ವಾಸನೆ ಎಂದೋ ಹೋಗಿತ್ತು. ಮಾಳಿಗೆಯಲ್ಲೊಂದು ಕೈ ಅಗಲದ ಬೆಳಕಿಂಡಿ, ಅಷ್ಟೆ. ಅವನು ಬಾಗಿಲನ್ನು ಗೋಡೆಯಿಂದ ಈಚೆಗೆಳೆದು ಅದರ ಒಳಮೈಯನ್ನು ತೋರಿಸಿದ.

“ಇಲ್ನೋಡಿ ಅಮ್ಮಾ. ಬಿಳೀ ಗುರುತು. ಬಿಚ್ಚೋವಾಗ ತೊಳ್ಯಕ್ಕೆ ಹೋಗಿದ್ದೆ, ನಮ್ ಸಾಹೇಬ್ರು ಬೇಡ ಅಂದ್ರು. ದವಸ ಹೆಚ್ಚಲಿ ಅಂತ ಮನೆಯೋರು ಬರೆದಿರೋ ಶಾಸ್ತ್ರದ ಗುರುತಂತೆ. ಫೋಟೋ ತಗೊಂಡೋರೆ.”

ವಿಶಾಲಾಕ್ಷಮ್ಮ ಬಗ್ಗಿ ನೋಡಿದಳು. ಮೂರು ಬೆರಳಿನ ಗೀಟುಗಳು. ಒಂದರ ಮೇಲೊಂದು, ಅದರ ಮೇಲೆ ಮತ್ತೊಂದು, ಸುಣ್ಣ ಬಳಿದಷ್ಟು ದಪ್ಪವಾಗಿ ಕೂತಿದ್ದವು. ಅದು ಯಾವ ಶಾಸ್ತ್ರವೂ ಅಲ್ಲವೆಂದು ಆಕೆಗೆ ಕಂಡಕೂಡಲೇ ಗೊತ್ತಾಯಿತು. ವಿಭೂತಿ. ಲಿಂಗಪೂಜೆಗೆ ಕೂತವರು ಹಣೆಗೆ, ತೋಳಿಗೆ ಹಚ್ಚಿಕೊಂಡು, ಬೆರಳಲ್ಲಿ ಉಳಿದ ಪುಡಿಯನ್ನು ಕೈಗೆಟುಕುವ ಕಂಬಕ್ಕೋ ಗೋಡೆಗೋ ಒರೆಸಿಬಿಡುತ್ತಾರೆ. ನಮ್ಮವರ ಮನೆಗಳಲ್ಲಿ ಪೂಜೆಯ ಜಾಗದ ಹತ್ತಿರ ಇಂಥದೊಂದು ಬಿಳಿ ಕಲೆ ಇದ್ದೇ ಇರುತ್ತದೆ. ಹೆಂಗಸರು ಅದಕ್ಕೆ ದಿನಾ ಗೊಣಗುತ್ತಾರೆ. ಆದರೆ ಉಗ್ರಾಣದಲ್ಲಿ ಪೂಜೆಗೆ ಯಾರು ಕೂತರು?

ಬೆರಳುಗಳು ಸಣ್ಣವು. ಗೀಟುಗಳು ನೆಲಕ್ಕೆ ಕೂತವರ ಎತ್ತರದಲ್ಲಿವೆ. ಬಾಗಿಲು ತೆರೆದಿದ್ದರೆ ಈ ಒಳಮೈ ಗೋಡೆಗೆ ಒರಗಿಕೊಂಡಿರುತ್ತದೆ, ಕೈ ಹೋಗುವುದಿಲ್ಲ. ಮುಚ್ಚಿದ್ದರೆ ಮಾತ್ರ ಸಿಗುತ್ತದೆ. ಒಳಗಡೆ ಚಿಲಕವಿಲ್ಲ.

“ಬಾಗ್ಲು ಹಾಕಪ್ಪ,” ಎಂದಳು.

“ಯಾಕಮ್ಮಾ?”

“ಹಾಕು. ಚಿಲಕಾನೂ ಹಾಕು.”

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ವಿಶಾಲಾಕ್ಷಮ್ಮ ನೆಲದ ಮೇಲೆ ಕೂತು, ಮೂರು ಬೆರಳನ್ನು ಮುಂದಕ್ಕೆ ಚಾಚಿದಳು. ಬೆರಳು ಗೀಟುಗಳ ಮೇಲೇ ಹೋಗಿ ನಿಂತವು. ಮೇಲಿನ ಕಿಂಡಿಯಿಂದ ಒಂದಿಷ್ಟು ಬೆಳಕು ಮೊಣಕಾಲ ಮೇಲೆ ಬಿದ್ದಿತ್ತು. ಆಚೆ ಅಡಿಗೆಮನೆಯಲ್ಲಿ ಮುನಾವರನ ಬೀಗದ ಕೈಗಳ ಸದ್ದು ಕೇಳುತ್ತಿತ್ತು. ಯಾರಾದರೂ ಒಲೆ ಊದಿದರೂ ಇಲ್ಲಿಗೆ ಕೇಳಿಸುತ್ತಿದ್ದಿರಬೇಕು. ಏಳಬೇಕು, ನಡೆಯಬೇಕು ಎನಿಸಿತು. ನಡೆಯಲು ಜಾಗವೇ ಇರಲಿಲ್ಲ. “ತೆಗಿಯಪ್ಪ,” ಎಂದಳು. ಮುನಾವರ್ ಚಿಲಕ ಜಗ್ಗಿದ. ಬರಲಿಲ್ಲ. ಹಳ್ಳಿಯಲ್ಲಿದ್ದಾಗಿನಿಂದಲೇ ಆ ಬಾಗಿಲು ಸ್ವಲ್ಪ ಕುಸಿದಿತ್ತು. ಚಿಲಕ ಬಿಗಿಯಾಗಿ ಕಚ್ಚಿಕೊಂಡಿತ್ತು. “ಒಂದ್ನಿಮಿಷ ಅಮ್ಮಾ, ಸುತ್ತಿಗೆ ತತ್ತೀನಿ,” ಎಂದು ಅವನು ಓಡಿದ ಸದ್ದಾಯಿತು.

“ಏಯ್, ಹೋಗ್ಬೇಡ್ವೋ! ತೆಗಿಯೋ! ಯಾರಾದ್ರೂ ಬಾಗ್ಲು ತೆಗೀರೋ!” ಎಂದು ವಿಶಾಲಾಕ್ಷಮ್ಮ ಎರಡೂ ಕೈಯಿಂದ ಬಡಿದಳು. ಊರೂರು ಅಲೆದು ಕಂಡವರ ಮನೆಯ ಬಾಗಿಲು ತೆಗೆಸಿ ನೋಡಿದವಳು, ಈಗ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟಳು. ಅಷ್ಟರಲ್ಲಿ ಹೊರಗೆ ಬಳೆಯ ಸದ್ದಾಯಿತು. ಯಾರೋ ಬಾಗಿಲಡಿಗೆ ಪಾದ ಕೊಟ್ಟು ಹಲಗೆಯನ್ನು ಮೇಲಕ್ಕೆತ್ತಿ, ಒಂದೇ ಸಲಕ್ಕೆ ಚಿಲಕ ಸರಿಸಿದರು.

ದಾಕ್ಷಾಯಣಿ ನಿಂತಿದ್ದಳು.

“ಬಾರವ್ವ ಆಚೆಗೆ,” ಎಂದು ಕೈಹಿಡಿದು ನಡೆಸಿಕೊಂಡು ಹೋದಳು.

ಹೊಂಗೆಮರದ ಕೆಳಗೆ ವಿಮಲೆ ನೀರು ಕುಡಿಸಿದಳು. ಸುತ್ತಿಗೆ ಹಿಡಿದು ಓಡಿ ಬಂದ ಮುನಾವರ್, ಮೂವರ ಮುಖ ನೋಡಿ ಹಿಂದಕ್ಕೆ ಹೋದ. ವಿಶಾಲಾಕ್ಷಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಯಾಕೆ ದಾಕ್ಷೀ? ಯಾಕೆ ಒಳಗೆ ಕೂಡ್ಹಾಕ್ತಿದ್ರು ನಿನ್ನ?”

ದಾಕ್ಷಾಯಣಿ ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. “ನಮ್ ವಾರಗಿತ್ತಿ ಬಸುರಾದ್ಲಲ್ಲ, ಆವಾಗಿಂದ. ನನಗೆ ಮಕ್ಳಾಗ್ಲಿಲ್ಲ ನೋಡು. ಬೆಳಗಾಗೆದ್ದು ನನ್ನ ಮುಖ ಅವಳ ಕಣ್ಣಿಗೆ ಬೀಳಬಾರ್ದು ಅಂತ ನಮ್ಮತ್ತೆ. ನಾನು ಕೋಳಿ ಕೂಗೋ ಹೊತ್ತಿಗೆ ಸ್ನಾನ ಮಾಡಿ ಒಳಗೋಗಿ ಪೂಜೆಗೆ ಕೂತ್ಕೊಬೇಕು. ಅವಳು ಎದ್ದು, ತಿಂಡಿ ತಿಂದು, ಹಿತ್ತಲಿಗೆ ಹೋದ ಮೇಲೆ ತೆಗಿಯೋರು. ಕೆಲವು ದಿನ ಮರ್ತುಬಿಡೋರು.”

“ನಿನ್ ಗಂಡ?”

“ಹೊಲಕ್ಕೆ ಹೋಗಿರ್ತಿದ್ರು. ಗೊತ್ತಾದ ಮೇಲೆ ಜಗಳ ಮಾಡಿದ್ರು. ಹಿಸ್ಸೆ ಆಗಿದ್ದು ಯಾಕಂದ್ಕೊಂಡೆ ನೀನು?”

“ನನಗ್ಯಾಕೇ ಹೇಳ್ಲಿಲ್ಲ? ಹೆತ್ತವ್ವಂಗೆ ಒಂದು ಮಾತು ಹೇಳ್ಬಾರ್ದಾ?”

ದಾಕ್ಷಾಯಣಿ ತಾಯಿಯ ಮುಖವನ್ನೇ ನೋಡಿದಳು. “ಹೇಳಕ್ಕೆ ಅಂತ್ಲೇ ಬಂದಿದ್ನಲ್ಲವ್ವ,” ಎಂದಳು.

ವಿಶಾಲಾಕ್ಷಮ್ಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮೂಗು ಒರೆಸಿಕೊಂಡು, ಇದ್ದಕ್ಕಿದ್ದಂತೆ ಎದ್ದು ನಿಂತಳು. “ಆ ತರೀಕೆರೆ ಸಂಬಂಧ ಬ್ಯಾಡ. ನಾಳೆ ಜಯದೇವಪ್ಪಂಗೆ ಹೇಳ್ಬಿಡ್ತೀನಿ. ಆ ಮನೆ ಬ್ಯಾಡ. ಇನ್ನೊಂದು ನೋಡಾಣ, ಚಿಕ್ಕದು, ಅತ್ತೆ ಇಲ್ದಿರೋ ಮನೆ...”

“ಕೂತ್ಕೊಳವ್ವ,” ಎಂದಳು ದಾಕ್ಷಾಯಣಿ. “ತರೀಕೆರೆಯೋರು ಪಾಪ ಏನ್ ಮಾಡಿದ್ರು? ಹುಡುಗನ್ನ ಇವಳೇ ನೋಡ್ಲಿ, ಇವಳೇ ಮಾತಾಡ್ಲಿ. ಬೇಕಂದ್ರೆ ಆಗ್ಲಿ, ಬ್ಯಾಡಂದ್ರೆ ಬಿಡ್ಲಿ. ನೀನು ಮನೆ ನೋಡಿದ್ರೂ ಅಷ್ಟೇ, ನೋಡ್ದಿದ್ರೂ ಅಷ್ಟೇ ಕಣವ್ವ. ಒಳಗೆ ಏನೈತೆ ಅಂತ ಹೋಗಿ ಬಾಳಿದ ಮೇಲೇ ಗೊತ್ತಾಗದು. ಒಂದ್ವೇಳೆ ಇವಳು ವಾಪಸ್ ಬಂದ್ರೆ, ಇಟ್ಕೊ. ಅಷ್ಟು ಮಾಡು ಸಾಕು.”

ವಿಶಾಲಾಕ್ಷಮ್ಮ ವಿಮಲೆಯ ಕಡೆ ತಿರುಗಿದಳು. “ಇಟ್ಕೊತೀನಿ ಕಣೇ. ಯಾವಾಗ್ ಬಂದ್ರೂ ಬಾ. ಯಾರೇನಂದ್ರೂ ಇಟ್ಕೊತೀನಿ.”

ವಿಮಲೆ ಅಳುತ್ತಿದ್ದಳು. “ಅಕ್ಕಂಗೂ ಹೇಳವ್ವ ಅದನ್ನ,” ಎಂದಳು.

ಅದು ಹೇಳುವುದು ಸುಲಭವಿರಲಿಲ್ಲ. ವಿಶಾಲಾಕ್ಷಮ್ಮ ದೊಡ್ಡ ಮಗಳ ಎರಡೂ ಕೈ ಹಿಡಿದುಕೊಂಡಳು. “ನೀನೂ ಬಾ ದಾಕ್ಷೀ. ಈಗ್ಲೇ ಹೋಗಾಣ ನಡಿ. ಎಷ್ಟು ದಿನ ಬೇಕಾದ್ರೂ ಇರು.”

ದಾಕ್ಷಾಯಣಿ ಕೈ ಬಿಡಿಸಿಕೊಳ್ಳಲಿಲ್ಲ. ಉಂಡು ಮುಗಿಸಿದ ಎಲೆಗೆ ಬಡಿಸಲು ಬಂದವರಿಗೆ ಹೇಳುವಷ್ಟೇ ಮೃದುವಾಗಿ ಹೇಳಿದಳು.

“ಈಗ ಬ್ಯಾಡ ಕಣವ್ವ. ಆಗ ಬೇಕಿತ್ತು.”